‘ಹೊಡೆದನು’ ಎಂದು ಬರೆದರೆ ಸಾಲದು

ಪೊಲೀಸ್ ಠಾಣೆಯಲ್ಲಿ ‘ರೈಟರ್’ ಎಂದು ಒಬ್ಬನಿರುತ್ತಾನೆ. ಜನ ಹೇಳಿದ ದೂರು ಬರೆದುಕೊಳ್ಳುವುದು, ಘಟನೆ ನಡೆದ ಜಾಗಕ್ಕೆ ಹೋಗಿ ಪಂಚರೆಂಬ ಸ್ಥಳೀಯ ಸಾಕ್ಷಿಗಳ ಎದುರು ಮಹಜರು ಬರೆಯುವುದು, ಸಾಕ್ಷಿಗಳ ಹೇಳಿಕೆ ದಾಖಲಿಸುವುದು ಅವನ ಕೆಲಸ. ಸಿನಿಮಾಗಳಲ್ಲಿ ಅವನು ಮೂಲೆಯಲ್ಲಿ ಬೆನ್ನು ಮಾಡಿಕೊಂಡು ಕೂತಿರುತ್ತಾನೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಆ ಕೆಲಸ ಮಾಡಿದೆ. ಯಾವ ಠಾಣೆ, ಯಾವ ವರ್ಷ ಎಂಬುದನ್ನು ಬಿಡುತ್ತೇನೆ. ತೋಳಿನ ಮೇಲೆ ಯಾವಾಗ ಎಷ್ಟು ಪಟ್ಟಿ ಬಂತು ಎನ್ನುವುದನ್ನೂ ಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಹೊಸದಾಗಿ ಇಲಾಖೆಗೆ ಸೇರಿದವರು ಈಗಲೂ ಕೆಲವೊಮ್ಮೆ ಮನೆಗೆ ಬಂದು ಚೆನ್ನಾಗಿ ಬರೆಯುವುದು ಹೇಗೆ ಎಂದು ಕೇಳುತ್ತಾರೆ. ಕಾನೂನಿನ ಕಲಮುಗಳನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಮಾತುಗಳನ್ನು ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಕಲಿಯುವ ಮುಂಚೆ ಒಬ್ಬ ಹೆಣ್ಣುಮಗಳ ಕೇಸನ್ನು ನಾನೇ ಕೈಯಾರೆ ಕೆಡಿಸಿದೆ.

ಆಕೆಯ ಹೆಸರು ಹನುಮಕ್ಕ. ನನ್ನಿವಾಳದ ಕಡೆಯ ಹಳ್ಳಿಯವಳು. ನೀರಿನ ತೊಟ್ಟಿಯ ಹತ್ತಿರ ಸರದಿಯ ಜಗಳದಲ್ಲಿ ಪಕ್ಕದ ಮನೆಯವನು ಅವಳ ಬಲಗೈಯನ್ನು ತೊಟ್ಟಿಯ ಕಟ್ಟೆಗೆ ಒತ್ತಿ ಹಿಡಿದು, ಮುಷ್ಟಿಗಾತ್ರದ ಕಲ್ಲಿನಿಂದ ಬೆರಳು ಜಜ್ಜಿದ್ದ. ಕೈಗೆ ಬಟ್ಟೆ ಸುತ್ತಿಕೊಂಡು ಠಾಣೆಗೆ ಬಂದು ಎಲ್ಲವನ್ನೂ ಹೇಳಿದಳು. ನಾನು ಕೆಲಸಕ್ಕೆ ಕೂತು ಇನ್ನೂ ವರ್ಷವಾಗಿರಲಿಲ್ಲ. ಆದರೂ ದೂರು ಎಂದರೆ ಹೀಗೇ ಇರಬೇಕು ಎಂಬ ಒಂದು ಅಚ್ಚು ಆಗಲೇ ನನ್ನ ಕೈಗೆ ಕೂತಿತ್ತು. ‘ಆರೋಪಿಯು ಏಕಾಏಕಿ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕಲ್ಲಿನಿಂದ ಹೊಡೆದು, ಪ್ರಾಣಬೆದರಿಕೆ ಹಾಕಿರುತ್ತಾನೆ’ ಎಂದು ಬರೆದೆ. ಓದು ಬಾರದ ಹನುಮಕ್ಕ ಎಡಗೈ ಹೆಬ್ಬೆಟ್ಟು ಒತ್ತಿ ಹೋದಳು.

ಕೋರ್ಟಿನಲ್ಲಿ ಆಕೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಎದುರು ವಕೀಲರು ನನ್ನ ಕಾಗದ ತೆಗೆದರು. ಕೈ ಒತ್ತಿ ಹಿಡಿದದ್ದು ದೂರಿನಲ್ಲಿಲ್ಲ, ಜಜ್ಜಿದ್ದು ಇಲ್ಲ, ಇದೆಲ್ಲ ಆಮೇಲೆ ಯಾರೋ ಹೇಳಿಕೊಟ್ಟದ್ದು ಎಂದರು. ತೊಟ್ಟಿಯ ಹತ್ತಿರ ನೂಕಾಟವಾದಾಗ ಮೇಲಿನಿಂದ ಕಲ್ಲು ಉರುಳಿ ಬಿದ್ದಿರಬಹುದು ಎಂದೂ ಸೇರಿಸಿದರು. ನನ್ನನ್ನು ಕಟಕಟೆಗೆ ಕರೆದು ಕೇಳಿದಾಗ ಆಕೆ ‘ಜಜ್ಜಿದ’ ಅಂದದ್ದು ನನಗೆ ನೆನಪಿತ್ತು. ಆದರೆ ಕಾಗದದಲ್ಲಿ ಇರಲಿಲ್ಲ. ಆರೋಪಿ ಬಿಡುಗಡೆಯಾದ.

ಹೊರಗೆ ಬೇವಿನ ಮರದ ಕೆಳಗೆ ಹನುಮಕ್ಕ ನನ್ನ ಹತ್ತಿರ ಬಂದಳು. ಬೈಯಲಿಲ್ಲ. ಮಡಚಲು ಬಾರದ ಎರಡು ಬೆರಳನ್ನು ಮುಂದೆ ಹಿಡಿದು ಹೇಳಿದಳು. “ಹೊಡೆಯೋದು ಬ್ಯಾರೆ, ಜಜ್ಜೋದು ಬ್ಯಾರೆ ಸ್ವಾಮಿ. ಮೂರು ಸಲ ಹೇಳಿದ್ದೆ ನಾನು. ನೀವ್ಯಾಕೆ ಬರೀಲಿಲ್ಲ?”

ಎಷ್ಟೋ ದಿನ ಪೆನ್ನು ಹಿಡಿದಾಗಲೆಲ್ಲ ಆ ಬೆರಳುಗಳು ಕಣ್ಣಿಗೆ ಕಟ್ಟುತ್ತಿದ್ದವು.

ನಮ್ಮ ಠಾಣೆಯಲ್ಲಿ ಖಾದರ್ ಸಾಹೇಬರೆಂಬ ಹಿರಿಯ ಹೆಡ್ ಕಾನ್‌ಸ್ಟೇಬಲ್ ಇದ್ದರು. ನಿವೃತ್ತಿಗೆ ಹತ್ತಿರವಾಗಿದ್ದವರು, ತೆಳ್ಳಗಿನ ಆಳು, ಬಾಯಲ್ಲಿ ಯಾವಾಗಲೂ ಲವಂಗ. ಕೇಸು ಬಿದ್ದುಹೋದ ಮರುದಿನ ಅವರು ಆ ವರ್ಷ ನಾನು ಬರೆದ ದೂರುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದರು. ಒಂದೊಂದಾಗಿ ಓದು ಅಂದರು. ಮೂರನೆಯದಕ್ಕೆ ಬರುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಎಲ್ಲರ ಮನೆಗೂ ಆರೋಪಿ ಏಕಾಏಕಿ ಬಂದಿದ್ದ, ಎಲ್ಲರನ್ನೂ ಅವಾಚ್ಯವಾಗಿ ಬೈದಿದ್ದ.

“ಇದು ದೂರೋ, ಮಂತ್ರವೋ?” ಎಂದರು ಸಾಹೇಬರು. “ಇಪ್ಪತ್ತು ಜನ ಬಂದವ್ರೆ. ಇಪ್ಪತ್ತು ಜನಕ್ಕೂ ಒಂದೇ ಏಟು ಬಿದ್ದೈತೇನಲೇ?”

ಅಂದೇ ಅವರು ನನಗೆ ಎರಡು ನಿಯಮ ಹಾಕಿದರು. ಬರೆಯುವ ಮುಂಚೆ, ನಡೆದದ್ದನ್ನು ಕೈ ಮಾಡಿ ತೋರಿಸಿ ಎಂದು ಕೇಳಬೇಕು. ಬರೆದ ಮೇಲೆ ಗಟ್ಟಿಯಾಗಿ ಓದಿ, ನೀವು ಹೇಳಿದ ಮಾತು ಇದರಲ್ಲಿ ಬಂತಾ ಎಂದು ಕೇಳಬೇಕು. ಕೈ ಮಾಡಿ ತೋರಿಸುವಾಗ ಜನ ಅಂದಾಜಿನ ಮಾತು ಬಿಟ್ಟು ಸರಿಯಾದ ಮಾತಿಗೆ ಬರುತ್ತಾರೆ. ‘ಹೊಡೆದ’ ಎಂದವನು ಕೈ ಎತ್ತುವಾಗಲೇ ‘ತಿವಿದ’ ಎನ್ನುತ್ತಾನೆ, ‘ಅಲ್ಲ, ಗುದ್ದಿದ’ ಎಂದು ತಿದ್ದಿಕೊಳ್ಳುತ್ತಾನೆ. ಬಾರಿಸಿದ, ಒದ್ದ, ಬಡಿದ, ಚುಚ್ಚಿದ, ಪರಚಿದ, ತಳ್ಳಿದ, ದಬ್ಬಿದ. ಇವೆಲ್ಲ ನನಗೆ ಅವ್ವನ ಹಾಲಿನ ಜೊತೆ ಬಂದ ಮಾತುಗಳೇ. ಸಮವಸ್ತ್ರ ಹಾಕಿ ಪೆನ್ನು ಹಿಡಿದ ತಕ್ಷಣ ಮರೆತಿದ್ದೆ, ಅಷ್ಟೇ.

ಒಂದು ದಪ್ಪ ರಟ್ಟಿನ ನೋಟ್‌ಬುಕ್ ಕೊಂಡೆ. ಗೊತ್ತಿರುವ ಮಾತು ಮೊದಲು ಬರೆದೆ, ಗೊತ್ತಿಲ್ಲದ್ದನ್ನು ಕೇಳಿ ಬರೆದುಕೊಂಡೆ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ಕಟ್ಟುತ್ತಿದ್ದ ನರ್ಸಮ್ಮನಿಂದ ಗೀರು, ತರಚು, ಕೊಯ್ತ, ಸೀಳು, ಬಾಸುಂಡೆ ಇವುಗಳ ನಡುವಿನ ವ್ಯತ್ಯಾಸ ಕೇಳಿಕೊಂಡೆ. ಬಾಸುಂಡೆ ಬರಬೇಕಾದರೆ ಬೆತ್ತವೋ ಬಾರುಕೋಲೋ ಬೇಕು, ಅಂಗೈಯಿಂದ ಬರುವುದಿಲ್ಲ ಎಂದು ಆಕೆ ಹೇಳಿದ್ದು ಮುಂದೆ ಒಂದು ಸುಳ್ಳು ದೂರನ್ನು ಠಾಣೆಯ ಬಾಗಿಲಲ್ಲೇ ನಿಲ್ಲಿಸಿತು. ಕುಲುಮೆಯವನ ಹತ್ತಿರ ಕೂತು ಮಚ್ಚು, ಕುಡುಗೋಲು, ನೇಗಿಲಿನ ಕುಡ, ಗುಳ ನೋಡಿ ಬರೆದುಕೊಂಡೆ. ಅವನು ಕೆಲಸ ನಿಲ್ಲಿಸದೆ ಉತ್ತರ ಕೊಡುತ್ತಿದ್ದ, ಪೊಲೀಸಿನವನಿಗೆ ತಲೆ ಕೆಟ್ಟಿದೆ ಎಂದು ಆಮೇಲೆ ಊರೆಲ್ಲ ಹೇಳಿದ.

ಮಾತಿನ ಹುಚ್ಚು ಹಿಡಿದ ಮೇಲೆ ಎಡವುವುದು ಇನ್ನೊಂದು ಕಡೆಗೆ. ಚಳ್ಳಕೆರೆಯ ಅಂಗಡಿಯಲ್ಲಿ ದೊಡ್ಡ ನಿಘಂಟು ಕೊಂಡು ತಂದು, ದಿನಕ್ಕೊಂದು ಪುಟ ಬಾಯಿಪಾಠ ಮಾಡತೊಡಗಿದೆ. ಅದೇ ತಿಂಗಳು ಒಬ್ಬ ಮುದುಕ ಮೇಕೆ ಕಳೆದುಕೊಂಡು ಬಂದ. ಸಾಹೇಬರ ನಿಯಮದಂತೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ‘ಕೃಷ್ಣವರ್ಣದ, ಲಲಾಟದಲ್ಲಿ ಶ್ವೇತಚಿಹ್ನೆಯುಳ್ಳ ಅಜವೊಂದು’ ಎಂದು ಶುರುವಾಗಿತ್ತು. ಮುದುಕ ಕೊನೆಯವರೆಗೂ ಕೇಳಿಸಿಕೊಂಡು, ಎಲ್ಲ ಚೆನ್ನಾಗೈತೆ, ನನ್ನ ಮೇಕೆ ಯಾವಾಗ ಬರುತ್ತೆ ಎಂದು ಕೇಳಿದ. ಒಳಗಿನ ಕೋಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನಕ್ಕದ್ದು ಕೇಳಿಸಿತು. ಆ ಕಾಗದ ಹರಿದು, ‘ಹಣೆ ಮೇಲೆ ಬಿಳಿ ಬೊಟ್ಟು, ಎಡಗಿವಿ ತುದಿ ಸೀಳಿದ ಕರಿ ಮೇಕೆ’ ಎಂದು ಬರೆದೆ. ಎರಡು ದಿನದಲ್ಲಿ ಮೇಕೆ ಸಿಕ್ಕಿತು. ನಿಘಂಟನ್ನು ನಾನು ಬಿಸಾಡಲಿಲ್ಲ. ಆದರೆ ಹೊಸ ಮಾತು ಸೇರಿಸಿಕೊಳ್ಳುವುದು ದೊಡ್ಡದಾಗಿ ಕಾಣಲಿಕ್ಕಲ್ಲ, ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಲಿಕ್ಕೆ ಎಂದು ಅವತ್ತು ತಿಳಿಯಿತು.

ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಆವರಣಗಳು ಬಂದ ಹೊಸತರಲ್ಲಿ ಬೇಲಿಯ ಹೊರಗಿನ ಹುಲ್ಲಿಗೆ ಒಂದು ಸಲ ಬೆಂಕಿ ಬಿತ್ತು. ಮಹಜರಿನಲ್ಲಿ ನಾನು ‘ಖಾಲಿ ಜಾಗ’ ಎಂದು ಬರೆದೆ. ಪಂಚನಾಗಿ ನಿಂತಿದ್ದ ಕುರಿಗಾಹಿ ಸಹಿ ಹಾಕಲು ಒಪ್ಪಲಿಲ್ಲ. ಇದು ಕಾವಲು, ಖಾಲಿ ಎಲ್ಲೈತೆ, ನಮ್ಮ ಕುರಿ ವರ್ಷವೆಲ್ಲ ಮೇಯೋದು ಇಲ್ಲೇ ಎಂದ. ಬೆಂಕಿಯಲ್ಲಿ ಏನು ಸುಟ್ಟಿತು ಎಂದು ಕೇಳಿದರೆ ನಾನು ‘ಏನೂ ಇಲ್ಲ’ ಎಂದು ದಾಖಲಿಸುವವನಿದ್ದೆ. ಅವನು ಒಂದೊಂದು ಹುಲ್ಲಿನ ಕರಕಲು ಬುಡ ಕಿತ್ತು ಹೆಸರು ಹೇಳಿದ. ಆ ಹೆಸರುಗಳು ಮಹಜರಿನಲ್ಲಿ ಅರ್ಧ ಪುಟ ತುಂಬಿದವು. ಮುಂದಿನ ಬೇಸಿಗೆಗೆ ಮುಂಚೆ ಬೇಲಿಯ ಉದ್ದಕ್ಕೂ ಬೆಂಕಿ ತಡೆಯಲು ಹುಲ್ಲು ಸವರಿ ದಾರಿ ಬಿಡಿಸಿದರು. ಆ ಅರ್ಧ ಪುಟದಿಂದಲೇ ಬಿಡಿಸಿದರು ಎಂದು ನಾನು ಹೇಳಲಾರೆ. ಆದರೆ ಮೇಲಧಿಕಾರಿಗಳ ಸಭೆಯಲ್ಲಿ ಅದನ್ನು ಓದಿದರು ಎಂದು ನನಗೆ ಗೊತ್ತಾಯಿತು.

ಕಾಣೆಯಾದವರ ವಿಷಯವಂತೂ ಇನ್ನೂ ಕಷ್ಟ. ಇಲಾಖೆಯ ಪ್ರಕಟಣೆ ನೀವೂ ಓದಿರುತ್ತೀರಿ. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಆ ಲೆಕ್ಕದಲ್ಲಿ ಅರ್ಧ ಜಿಲ್ಲೆ ಕಾಣೆಯಾಗಿದೆ. ಒಬ್ಬ ರೈತ, ಮರೆವು ಹಿಡಿದ ತಂದೆ ಬೆಳಿಗ್ಗೆ ಮನೆಯಿಂದ ಹೊರಟವರು ಬಂದಿಲ್ಲ ಎಂದು ಬಂದ. ಗುರುತು ಕೇಳಿದರೆ ಎಲ್ಲಕ್ಕೂ ‘ಸಾಧಾರಣ’ ಎನ್ನುತ್ತಿದ್ದ. ನನಗೆ ಖಾದರ್ ಸಾಹೇಬರ ಮಾತು ನೆನಪಾಯಿತು.

“ನಿಮ್ಮಪ್ಪ ನಡೆದಂಗೆ ನಡೆದು ತೋರ್ಸು,” ಎಂದೆ.

ಅವನು ಸಂಕೋಚಪಟ್ಟ. ಠಾಣೆಯ ಪಡಸಾಲೆಯಲ್ಲಿ ಎಲ್ಲರೂ ನೋಡುತ್ತಿದ್ದರು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಎಡಗಾಲು ನೆಲಕ್ಕೆ ಸವರಿಕೊಂಡು ನಾಲ್ಕು ಹೆಜ್ಜೆ ಹಾಕಿ ನಿಂತು, ತಲೆ ಒಂದು ಕಡೆ ವಾಲಿಸಿ ಹಿಂದೆ ತಿರುಗಿ ನೋಡಿದ. ಮತ್ತೆ ನಾಲ್ಕು ಹೆಜ್ಜೆ. ನಡೆಯುತ್ತಲೇ ಅವನಿಗೆ ಅಳು ಬಂತು. ಅದನ್ನು ಹಾಗೆಯೇ ಬರೆದೆ. ‘ಎಡಗಾಲನ್ನು ಎತ್ತದೆ ಸವರಿ ಇಡುತ್ತಾರೆ, ಮೂರು ನಾಲ್ಕು ಹೆಜ್ಜೆಗೊಮ್ಮೆ ನಿಂತು ತಲೆ ವಾಲಿಸಿ ಹಿಂದೆ ನೋಡುತ್ತಾರೆ.’ ಸುತ್ತಲಿನ ಊರುಗಳಿಗೆಲ್ಲ ಫೋನಿನಲ್ಲಿ ಅದನ್ನೇ ಓದಿಸಿದೆ. ಮರುದಿನ ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗೆ ಹೂವು ಮಾರುವ ಹೆಂಗಸು, ನೀವು ಹೇಳಿದ ನಡಿಗೆಯ ತಾತ ಮೆಟ್ಟಿಲು ಹತ್ತುತ್ತಿದ್ದಾರೆ ಎಂದು ಸುದ್ದಿ ಮುಟ್ಟಿಸಿದಳು. ಅವರ ಮುಖವನ್ನು ಆಕೆ ಸರಿಯಾಗಿ ನೋಡಿಯೇ ಇರಲಿಲ್ಲವಂತೆ.

ಇಷ್ಟರಲ್ಲಿ ಬರೆಯುವ ವಿಧಾನವೇ ಬದಲಾಯಿತು. ನಾನು ಸೇರಿದಾಗ ನಾಲ್ಕು ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಕೊನೆಯ ಹಾಳೆಗೂ ಮೂಡುವ ಹಾಗೆ ಒತ್ತಿ ಬರೆಯಬೇಕಿತ್ತು. ಬೆರಳು ನೋಯುತ್ತಿದ್ದುದರಿಂದ ಬೇಡದ ಮಾತು ತಾನಾಗಿ ಬಿಟ್ಟುಹೋಗುತ್ತಿತ್ತು. ಕಂಪ್ಯೂಟರ್ ಬಂದಿತು. ಹಳೆಯ ದೂರು ತೆರೆದು ಹೆಸರು ಬದಲಿಸಿದರೆ ಹೊಸ ದೂರು ಸಿದ್ಧ. ಆ ಸುಖಕ್ಕೆ ನಾನೂ ಒಮ್ಮೆ ಬಲಿಯಾದೆ. ಹಳೆಯ ಮಹಜರಿನ ಮೇಲೆ ಹೊಸದನ್ನು ಹೊಡೆದಾಗ ಅಲ್ಲಿನ ಹುಣಸೆಮರ ಹಾಗೇ ಉಳಿದು, ಒಂದು ಗಿಡವೂ ಇಲ್ಲದ ಬಂಡೆಯ ಮೇಲೆ ಮರವೊಂದು ಎದ್ದು ನಿಂತಿತ್ತು. ಪುಣ್ಯಕ್ಕೆ ಸಹಿಯಾಗುವ ಮುಂಚೆ ಓದಿ ಕೇಳಿಸಿದೆ, ಪಂಚರು ನಕ್ಕು ಮರ ಕಡಿಸಿದರು. ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಈಗಿನವರು ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಬರೆದುಕೊಳ್ಳಲಿ, ಆದರೆ ಯಾವ ಮಾತು ಎಂಬುದನ್ನು ಎದುರು ಕೂತವರನ್ನೇ ಕೇಳಿ.

ಇನ್ನು ನನ್ನ ಕೆಲಸದಲ್ಲೆಲ್ಲ ನಾನು ಅತ್ಯಂತ ಹೆಮ್ಮೆಪಡುವ ಕೇಸಿಗೆ ಬರುತ್ತೇನೆ. ನಿವೃತ್ತಿಗೆ ಎರಡು ವರ್ಷ ಇರುವಾಗ ಮೊಳಕಾಲ್ಮೂರಿನ ಕಡೆ ಇದ್ದೆ. ನಾಗರತ್ನಮ್ಮ ಎಂಬ ನೇಕಾರ ಹೆಣ್ಣುಮಗಳು ದೂರು ಕೊಡಲು ಬಂದರು. ಮನೆಮಾತು ತೆಲುಗು. ಗಂಡ ಇಲ್ಲ, ಅತ್ತೆಯನ್ನು ನೋಡಿಕೊಂಡು ಮನೆಯಲ್ಲೇ ಮಗ್ಗ ನಡೆಸುತ್ತಿದ್ದರು. ಮಗ್ಗವೂ ರೇಷ್ಮೆಯೂ ವೆಂಕಟೇಶಪ್ಪ ಎಂಬ ಸಾವುಕಾರರದು, ದುಡಿಮೆ ಈಕೆಯದು. ಎರಡು ತಿಂಗಳು ಕೂತು ಒಂದು ಮದುವೆ ಸೀರೆ ಮುಗಿಸಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಅತ್ತೆಯನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಷ್ಟರಲ್ಲಿ ಬೀಗ ಮುರಿದಿತ್ತು, ಸೀರೆ ಇರಲಿಲ್ಲ. ವೆಂಕಟೇಶಪ್ಪನವರೂ ಜೊತೆಯಲ್ಲೇ ಬಂದು, ಬೀಗ ಈಕೆಯೇ ಮುರಿದು ಸೀರೆ ಮಾರಿಕೊಂಡಿದ್ದಾಳೆ ಎಂದು ಎಲ್ಲರ ಎದುರು ಹೇಳಿದರು. ಸೀರೆ ಸಿಗದಿದ್ದರೆ ಮಗ್ಗ ಬಿಚ್ಚಿಸಿಕೊಂಡು ಹೋಗುತ್ತೇನೆ ಎಂದರು. ನಮ್ಮವರಲ್ಲೂ ಒಬ್ಬಿಬ್ಬರಿಗೆ ಅದೇ ಅನುಮಾನ.

ಸಾವುಕಾರರು ಸೀರೆಯ ಗುರುತು ಬರೆಸಿದರು. ಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ಮೈತುಂಬ ಹಂಸದ ಬುಟ್ಟಾ. ಅಂಥ ಸೀರೆ ಆ ಊರಿನಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಅವರನ್ನು ಕಳಿಸಿ, ನಾಗರತ್ನಮ್ಮನ ಮನೆಗೆ ಹೋಗಿ ಖಾಲಿ ಮಗ್ಗದ ಮುಂದೆ ಕೂತೆ. ನೀವು ನೇಯ್ದ ಹಾಗೆಯೇ ಮೊದಲಿಂದ ಹೇಳಿ, ಕೈ ಮಾಡಿ ತೋರಿಸಿ ಎಂದೆ. ಆಕೆ ಮಗ್ಗದ ಹಲಗೆಯ ಮೇಲೆ ಕೂತು ಗಾಳಿಯಲ್ಲಿ ನೇಯತೊಡಗಿದರು. ಪಡುಗು, ಪೇಕ, ಕೊಂಗು ಎಂದು ಆಕೆಯ ತೆಲುಗು. ಹಾಸು, ಹೊಕ್ಕು, ಸೆರಗು ಎಂದು ನನ್ನ ಕನ್ನಡ. ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತ ಹೋದೆ. ಸುಮಾರು ಹೊತ್ತಿನ ಮೇಲೆ ಒಂದು ಕಡೆ ಆಕೆಯ ಕೈ ನಿಂತಿತು.

ಏನೋ ಇದೆ ಎನಿಸಿ ಕೇಳಿದೆ. ಏನಿಲ್ಲ ಎಂದರು. ಮತ್ತೆ ಕೇಳಿದೆ. ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ, ಒಂದು ಹಂಸದಲ್ಲಿ ತಪ್ಪಾಗಿದೆ, ಮುಕ್ಕಿನಲ್ಲಿ ಎಂದರು.

‘ಹಂಸ ಮುಕ್ಕಾಗಿದೆ’ ಎಂದು ಬರೆಯಲು ನನ್ನ ಪೆನ್ನು ಆಗಲೇ ಹಾಳೆ ಮುಟ್ಟಿತ್ತು. ಕನ್ನಡದಲ್ಲಿ ಗಡಿಗೆಯ ಬಾಯಿ ಒಡೆದರೆ ಮುಕ್ಕು ಎನ್ನುತ್ತೇವೆ. ಆದರೂ ಕೇಳಿಯೇ ಬರೆಯೋಣ ಎಂದು ತಲೆ ಎತ್ತಿದೆ. ಆಕೆ ಬೆರಳಿನಿಂದ ತಮ್ಮ ಮೂಗು ಮುಟ್ಟಿ ತೋರಿಸಿದರು. ತೆಲುಗಿನಲ್ಲಿ ಮುಕ್ಕು ಎಂದರೆ ಮೂಗು, ಹಕ್ಕಿಗಾದರೆ ಕೊಕ್ಕು. ಆ ಬುಟ್ಟಾ ಹಾಕುವಾಗ ಅತ್ತೆ ಜಾರಿ ಬಿದ್ದ ಸದ್ದಾಗಿ ಎದ್ದು ಓಡಿದ್ದರು. ತಿರುಗಿ ಬಂದು ಕೂತಾಗ ಜರಿಯ ಎರಡು ಎಳೆ ಹಾಕುವುದು ತಪ್ಪಿತ್ತು. ಆ ಒಂದು ಹಂಸದ ಕೊಕ್ಕು ಮೊಂಡಾಗಿತ್ತು. ಬಿಚ್ಚಿ ನೇಯುವ ಹೊತ್ತಿಗೆ ತುಂಬ ಮುಂದೆ ಹೋಗಿಬಿಟ್ಟಿತ್ತು.

“ಅದನ್ನ ಬರೀಬ್ಯಾಡ್ರಿ ಸಾರ್,” ಎಂದರು. “ಸಾವುಕಾರ್ರಿಗೆ ಗೊತ್ತಾದ್ರೆ ತಪ್ಪು ನೇಯ್ದೆ ಅಂತ ಮಗ್ಗ ಕಿತ್ಕೊಂತಾರೆ.”

ಬರೆಯದಿದ್ದರೆ ಕಳ್ಳಿ ಎಂದು ಕಿತ್ತುಕೊಳ್ಳುತ್ತಾರಲ್ಲ ಎಂದೆ. ಒಳಗೆ ಅತ್ತೆ ಕೆಮ್ಮಿದರು. ಆಕೆ ಆ ಕಡೆ ತಿರುಗಿ ನೋಡಿ, ಬರೀರಿ ಎಂದರು. ಆಕೆಯ ಬೆರಳಿನ ಅಳತೆಯಲ್ಲೇ ಬರೆದೆ. ‘ಸೆರಗು ಮುಗಿದು ಒಡಲು ಶುರುವಾಗುವಲ್ಲಿಂದ ಒಂದು ಮೊಳ ನಾಲ್ಕು ಬೆರಳು ಕೆಳಗೆ, ಎಡ ಅಂಚಿನಿಂದ ಎರಡನೆಯ ಹಂಸ. ಅದರ ಕೊಕ್ಕಿನ ತುದಿಯಲ್ಲಿ ಜರಿಯ ಎರಡು ಎಳೆ ಇಲ್ಲ. ಉಳಿದ ಹಂಸಗಳ ಕೊಕ್ಕು ಚೂಪು, ಇದರದು ಮೊಂಡು.’

ಆ ಕಾಗದ ಗಡಿಯಾಚೆಯ ಆಂಧ್ರದ ಠಾಣೆಗಳಿಗೂ ಹೋಯಿತು. ಕೆಲವು ತಿಂಗಳ ಮೇಲೆ ಅಲ್ಲಿಂದ ಫೋನು ಬಂತು. ಒಬ್ಬ ವ್ಯಾಪಾರಿಯ ಹತ್ತಿರ ಒಂದಷ್ಟು ಕದ್ದ ಸೀರೆ ಹಿಡಿದಿದ್ದರು. ಅದರಲ್ಲಿ ಹಸಿರು ಹಂಸದ್ದು ಮೂರು. ನಮ್ಮ ಕಾಗದ ಹಿಡಿದು ಮೊಳ ಹಾಕಿ ನೋಡಿದ ಕಾನ್‌ಸ್ಟೇಬಲ್‌ಗೆ ಮೂರನೆಯದರಲ್ಲಿ ಮೊಂಡು ಕೊಕ್ಕು ಸಿಕ್ಕಿತ್ತು.

ವ್ಯಾಪಾರಿ ಬಿಡಲಿಲ್ಲ. ಮೂರೂ ತನ್ನವು, ನೇಕಾರರಿಂದ ನೇರ ಕೊಂಡದ್ದು ಎಂದು ಕೋರ್ಟಿನಲ್ಲಿ ವಾದ ಹೂಡಿದ. ವಿಚಾರಣೆಯ ದಿನ ನಾಗರತ್ನಮ್ಮ ಒಂದು ಪಕ್ಕ ನಿಂತಿದ್ದರು. ವೆಂಕಟೇಶಪ್ಪ ಇನ್ನೊಂದು ಪಕ್ಕ, ಇನ್ನೂ ಅನುಮಾನ ಬಿಡದ ಮುಖದಲ್ಲಿ. ನಾನು ಫೈಲು ಹಿಡಿದು ಹಿಂದೆ ಇದ್ದೆ. ಮ್ಯಾಜಿಸ್ಟ್ರೇಟರು ಹೆಣ್ಣುಮಗಳು. ಮೂರೂ ಸೀರೆ ಮೇಜಿನ ಮೇಲೆ ಬಿಚ್ಚಿ ಹಾಸಿಸಿದರು. ಮೊದಲು ವ್ಯಾಪಾರಿಯನ್ನು, ನಿಮ್ಮ ಸೀರೆಗಳಿಗೆ ಏನಾದರೂ ವಿಶೇಷ ಗುರುತಿದೆಯೇ ಎಂದು ಕೇಳಿದರು. ಏನೂ ಇಲ್ಲ, ಒಳ್ಳೆಯ ಮಾಲು, ಒಂದು ತಪ್ಪೂ ಸಿಗುವುದಿಲ್ಲ ಎಂದ ಅವನು. ಅದನ್ನು ಬರೆಸಿಕೊಂಡು, ಅವರು ನಮ್ಮ ದೂರಿನ ಆ ಸಾಲುಗಳನ್ನು ನಿಧಾನವಾಗಿ ಗಟ್ಟಿಯಾಗಿ ಓದಿದರು. ಓದುತ್ತಿದ್ದಂತೆ ನಾಗರತ್ನಮ್ಮ ಮುಂದೆ ಬಂದು, ಮೊದಲ ಸೀರೆ ಮುಟ್ಟಿ ಬಿಟ್ಟರು, ಎರಡನೆಯದನ್ನು ಮುಟ್ಟಿ ಬಿಟ್ಟರು. ಮೂರನೆಯದರ ಸೆರಗಿನಿಂದ ಒಂದು ಮೊಳ ಹಾಕಿ, ನಾಲ್ಕು ಬೆರಳು ಅಳೆದು, ಎಡ ಅಂಚಿನಿಂದ ಎರಡನೆಯ ಹಂಸದ ಮೇಲೆ ಬೆರಳಿಟ್ಟರು.

ಮ್ಯಾಜಿಸ್ಟ್ರೇಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ವಕೀಲರಿಬ್ಬರೂ ಬಗ್ಗಿದರು. ವ್ಯಾಪಾರಿ ಬಗ್ಗಲಿಲ್ಲ.

ಈ ದೂರು ಬರೆದವರು ಯಾರು ಎಂದು ಕೇಳಿದಾಗ ನಾನು ಮುಂದೆ ಹೋದೆ. ಮಗ್ಗದ ಮೇಲೆ ಕೂತವರ ಹಾಗೆ ಬರೆದಿದ್ದೀರಿ ಎಂದರು. ಕೂತವರು ಹೇಳಿದ್ದು ಮೇಡಂ, ನಾನು ಬರೆದುಕೊಂಡೆ ಎಂದೆ. ಎಷ್ಟೋ ವರ್ಷ ಮೂಲೆಯಲ್ಲಿ ಕೂತು ಬರೆದವನಿಗೆ, ಬರೆದ ಒಂದೊಂದು ಮಾತೂ ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದನ್ನು ನೋಡುವ ಭಾಗ್ಯ ಅವತ್ತು ಸಿಕ್ಕಿತು.

ಸೀರೆಯನ್ನು ದೂರು ಕೊಟ್ಟವರ ಕೈಗೇ ಕೊಡಬೇಕೆಂದು ಆದೇಶವಾಯಿತು. ಹೊರಗಿನ ಪಡಸಾಲೆಯಲ್ಲಿ ವೆಂಕಟೇಶಪ್ಪ ಆಕೆಗಾಗಿ ಕಾದು ನಿಂತಿದ್ದರು. ನಾವೆಲ್ಲ ಸುತ್ತ ಇದ್ದೆವು. ಅವರು ಗಂಟಲು ಸರಿಮಾಡಿಕೊಂಡು, “ನಿನ್ನ ಮೇಲೆ ಅಪವಾದ ಹೊರಿಸಿದೆ ಕಣಮ್ಮಾ, ತಪ್ಪಾಯ್ತು. ನಾಳೆಯಿಂದ ಮಗ್ಗಕ್ಕೆ ಹೊಸ ಹಾಸು ಏರ್ಸು,” ಎಂದು ಸೀರೆಗಾಗಿ ಕೈ ಚಾಚಿದರು.

ನಾಗರತ್ನಮ್ಮ ತಕ್ಷಣ ಕೊಡಲಿಲ್ಲ. ಸೀರೆಯ ಮಡಿಕೆ ಬಿಡಿಸಿ, ಆ ಹಂಸವನ್ನು ಹುಡುಕಿ ತೆಗೆದು ಸಾವುಕಾರರ ಕಣ್ಣ ಮುಂದೆ ಹಿಡಿದರು. “ಇದು ನನ್ನ ತಪ್ಪು, ನೋಡ್ಕೊಳ್ರಿ,” ಎಂದರು. “ಇದೊಂದೇ ನನ್ನದು.” ಅವರು ನೋಡಿ ತಲೆಯಾಡಿಸುವವರೆಗೂ ಕಾದು, ಆಮೇಲೆ ಅಲ್ಲೇ ನಿಂತು ಅಂಚಿಗೆ ಅಂಚು ಕೂಡಿಸಿ ಸಾವಕಾಶವಾಗಿ ಮಡಿಸಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ತಲೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.